ಕಪಾಟಿನೊಳಗಿನ ಶ್ರುತ

ಕೆಲವು ವರ್ಷಗಳ ಹಿಂದೆ, ನವೆಂಬರ್ 14ರಿಂದ 20ರವರೆಗೆ ನಡೆಯುವ ಗ್ರಂಥಾಲಯ ಸಪ್ತಾಹದ ಸಮಾರೋಪಕ್ಕೆಂದು ಹಾನಗಲ್ ತಾಲೂಕಿನ ಪ್ರೌಢಶಾಲೆಯೊಂದರವರು ನನ್ನನ್ನು ಕರೆದಿದ್ದರು. ಕನ್ನಡ ಅಧ್ಯಾಪಕನಿಗೆ ಇಂತಹ ಆಹ್ವಾನಗಳು ಹೊಸತಲ್ಲ. ವೇದಿಕೆಯ ಮೇಲೆ ಸರಸ್ವತಿಯ ಪಟ, ಅದರ ಮುಂದೆ ಬಿಳಿಯ ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿದ ಪುಸ್ತಕಗಳು. ಪೂಜೆಯಾಯಿತು, ಪ್ರಾರ್ಥನೆಯಾಯಿತು. ‘ಜೀವನದಲ್ಲಿ ಓದಿನ ಮಹತ್ವ’ ಎಂಬ ವಿಷಯದ ಮೇಲೆ ಭಾಷಣ ಸ್ಪರ್ಧೆ ನಡೆಯಿತು. ಮಕ್ಕಳು ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಮಾತನಾಡಿದರು. ಗೆದ್ದವರಿಗೆ ಸ್ಟೀಲಿನ ಡಬ್ಬಿಗಳನ್ನು ಬಹುಮಾನವಾಗಿ ಕೊಟ್ಟೆವು.

ಮೂರನೆಯ ಬಹುಮಾನ ಪಡೆದ ಒಂಬತ್ತನೆಯ ತರಗತಿಯ ಹುಡುಗಿಯನ್ನು ಕರೆದು, ಇತ್ತೀಚೆಗೆ ಓದಿದ ಪುಸ್ತಕ ಯಾವುದೆಂದು ಕೇಳಿದೆ. ಅವಳು ಯಾವ ಸಂಕೋಚವೂ ಇಲ್ಲದೆ ಕನ್ನಡ ಪಠ್ಯಪುಸ್ತಕದ ಹೆಸರು ಹೇಳಿದಳು. ಆಮೇಲೆ ಮೇಜಿನ ಮೇಲಿದ್ದ ಜನಪದ ಕಥೆಗಳ ಸಂಕಲನವೊಂದನ್ನು ಬೆರಳಿನಿಂದ ಮುಟ್ಟಿ, “ಸರ, ಇದನ್ನ ಮನಿಗೆ ಒಯ್ಯಾಕ ಕೊಡ್ತಾರೇನ್ರಿ?” ಎಂದಳು. ನಾನು ಪಕ್ಕದಲ್ಲಿದ್ದ ಶಿಕ್ಷಕರ ಮುಖ ನೋಡಿದೆ. ಅವರು ಮೃದುವಾಗಿಯೇ, “ಎಣಿಸಿ ಒಳಗ ಇಡಬೇಕವ್ವಾ” ಎಂದರು. ಹುಡುಗಿ ಬೆರಳು ತೆಗೆದಳು. ಅರ್ಧ ಗಂಟೆಯಲ್ಲಿ ಪುಸ್ತಕಗಳೆಲ್ಲ ಎಣಿಕೆಯಾಗಿ ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಕಪಾಟು ಸೇರಿದವು, ಕಪಾಟಿಗೆ ಬೀಗ ಬಿತ್ತು.

ಚಹಾ ಕುಡಿಯುವಾಗ ಆ ಶಿಕ್ಷಕರು ತಾವಾಗಿಯೇ ಮಾತು ತೆಗೆದರು. ಅವರು ವಿಜ್ಞಾನ ಕಲಿಸುವವರು. ಗ್ರಂಥಾಲಯ ಅವರಿಗೆ ಹೆಚ್ಚುವರಿ ಹೊಣೆ. “ನನ್ನ ಹಿಂದ ಇದ್ದ ಮಾಸ್ತರ್ರು ವರ್ಗಾ ಆಗಿ ಹೋಗೂ ಮುಂದ ಇಪ್ಪತ್ತೆರಡು ಪುಸ್ತಕ ಕಮ್ಮಿ ಬಂದ್ವು ಸರ್. ಅದರ ಕಿಮ್ಮತ್ತು ತಮ್ಮ ಕೈಲೆ ತುಂಬಿ ಚಾರ್ಜ್ ಕೊಟ್ಟು ಹೋದ್ರು. ಇನ್ನ ನಾ ಕಪಾಟು ತೆಗೀಬೇಕಂದ್ರ ಹೆಂಗ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರನ್ನು ತಪ್ಪೆನ್ನುವ ಅಧಿಕಾರವೂ ನನಗಿರಲಿಲ್ಲ. ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ವಿಭಾಗದ ಪುಸ್ತಕಗಳ ಹೊಣೆ ನನ್ನ ಮೇಲಿತ್ತು. ರನ್ನನ ‘ಅಜಿತಪುರಾಣ’ದ ಹಳೆಯ ಮುದ್ರಣವೊಂದನ್ನು ರಜೆಯಲ್ಲಿ ಊರಿಗೆ ಒಯ್ಯುತ್ತೇನೆಂದು ಕೇಳಿದ ವಿದ್ಯಾರ್ಥಿಗೆ, ಇರುವುದು ಒಂದೇ ಪ್ರತಿ ಎಂಬ ಕಾರಣ ಹೇಳಿ ನಿರಾಕರಿಸಿದ್ದೆ. ಅವನು ಮತ್ತೆ ಕೇಳಲಿಲ್ಲ. ಹಳಗನ್ನಡದ ಕಡೆಗೂ ಮತ್ತೆ ಬರಲಿಲ್ಲ. ಆ ಪ್ರತಿ ಈಗಲೂ ಕ್ಷೇಮವಾಗಿದೆ. ಪುಟಗಳ ಅಂಚು ಕಂದಿದೆ ಎಂಬುದನ್ನು ಬಿಟ್ಟರೆ, ಅದನ್ನು ಯಾರಾದರೂ ಓದಿದ ಗುರುತು ಅದರಲ್ಲಿ ಎಲ್ಲಿಯೂ ಇಲ್ಲ.

ಅಂದು ಹಾನಗಲ್ಲಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನೆನಪಾದದ್ದು ನನ್ನ ತಾಯಿ. ಮೂರನೆಯ ಇಯತ್ತೆಯವರೆಗೆ ಮಾತ್ರ ಶಾಲೆಗೆ ಹೋದವಳು. ಆದರೂ ಭಾದ್ರಪದದಲ್ಲಿ ಅನಂತನ ನೋಂಪಿಯ ಕಥೆಯನ್ನು ಓಣಿಯ ಹೆಂಗಸರಿಗೆ ಅವಳೇ ಓದಿ ಹೇಳಬೇಕಿತ್ತು. ಅಕ್ಷರ ಬಾರದವರು ಸುತ್ತ ಕುಳಿತು ಕೇಳುತ್ತಿದ್ದರು, ನಡುವೆ ತಡೆದು ಪ್ರಶ್ನೆ ಹಾಕುತ್ತಿದ್ದರು, ಕಥೆಯ ಹೆಣ್ಣುಗಳ ಸುಖದುಃಖಗಳನ್ನು ತಮ್ಮ ಮನೆಯವರದೆಂಬಂತೆ ಚರ್ಚಿಸುತ್ತಿದ್ದರು. ಜ್ಯೇಷ್ಠ ಶುದ್ಧ ಪಂಚಮಿಯಂದು, ಎಂದರೆ ಶ್ರುತಪಂಚಮಿಯಂದು, ಬಸದಿಯ ಶಾಸ್ತ್ರಗಳ ಕಟ್ಟು ಬಿಚ್ಚಿ, ಧೂಳು ಕೊಡವಿ, ನೆರಳಿನಲ್ಲಿ ಗಾಳಿಗಿಟ್ಟು, ಹೊಸ ಬಟ್ಟೆಯಲ್ಲಿ ಸುತ್ತಿಡುವ ಕೆಲಸದಲ್ಲಿ ಮಕ್ಕಳಾದ ನಾವೂ ಕೈಜೋಡಿಸುತ್ತಿದ್ದೆವು. ನನ್ನ ಪಾಲಿಗೆ ಅದೇ ಮೊದಲ ಗ್ರಂಥಾಲಯ ಸಪ್ತಾಹ.

ಶ್ರುತಪಂಚಮಿಯ ಹಿನ್ನೆಲೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಧರಸೇನಾಚಾರ್ಯರಿಂದ ಆಗಮವನ್ನು ಕೇಳಿ ತಿಳಿದ ಪುಷ್ಪದಂತ ಮತ್ತು ಭೂತಬಲಿಗಳು ಅದನ್ನು ‘ಷಟ್ಖಂಡಾಗಮ’ವಾಗಿ ಬರಹಕ್ಕಿಳಿಸಿದ ನೆನಪಿಗೆ ಆ ದಿನ ಮೀಸಲಾಗಿದೆ. ನೆನಪಿನಲ್ಲಿದ್ದುದು ಅಳಿದುಹೋದೀತೆಂಬ ಭಯದಿಂದ ಅದು ಗ್ರಂಥವಾಯಿತು. ಆದರೆ ಗ್ರಂಥವಾದ ಮೇಲೂ ಅದರ ಹೆಸರು ‘ಶ್ರುತ’ವೆಂದೇ ಉಳಿಯಿತು. ಶ್ರುತವೆಂದರೆ ಕೇಳಿದ್ದು. ಯಾರೋ ಓದಿ, ಮತ್ತಾರೋ ಕೇಳಿದಾಗ ಮಾತ್ರ ಆ ಹೆಸರು ಸಾರ್ಥಕವಾಗುತ್ತದೆ. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ಚತುರ್ವಿಧ ದಾನಗಳಲ್ಲಿ ಸೇರಿಸಿದವರು ಗ್ರಂಥವನ್ನು ಕಾಯುವುದಕ್ಕಿಂತ ಕೊಡುವುದನ್ನು ಪುಣ್ಯವೆಂದು ಎಣಿಸಿದರು.

ಈ ಮಾತಿಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಹಾನಗಲ್ಲಿನ ನೆರೆಯ ಶಿಗ್ಗಾಂವಿ ತಾಲೂಕಿನಲ್ಲಿ ಬಂಕಾಪುರವಿದೆ. ಜಿನಸೇನರು ಆರಂಭಿಸಿದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರಷ್ಟೆ. ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಲೋಕಾದಿತ್ಯನು ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ ಆ ಪುರಾಣಕ್ಕೆ ಪೂಜೆ ಸಂದಿತೆಂದು ‘ಉತ್ತರಪುರಾಣ’ದ ಪ್ರಶಸ್ತಿ ತಿಳಿಸುತ್ತದೆ. ನಮ್ಮ ಸೀಮೆಯ ಅತ್ಯಂತ ಹಳೆಯ ಪುಸ್ತಕ ಸಮಾರಂಭ ಇದೇ ಇರಬಹುದು. ಆದರೆ ಆ ಗ್ರಂಥ ಪೂಜೆಯಲ್ಲಿಯೇ ನಿಲ್ಲಲಿಲ್ಲ. ನಾಲ್ಕು ದಶಕಗಳು ಕಳೆದ ಮೇಲೆ, 941ರಲ್ಲಿ, ಅದರ ಪೂರ್ವಭಾಗವನ್ನು ಆಧರಿಸಿ ಪಂಪ ಕನ್ನಡದಲ್ಲಿ ‘ಆದಿಪುರಾಣ’ ಬರೆದ. ಅದೇ ಬಂಕಾಪುರದೊಡನೆ ಹೆಸರು ಬೆಸೆದುಕೊಂಡ ಅಜಿತಸೇನಾಚಾರ್ಯರು ಮುಧೋಳದ ಬಳೆಗಾರರ ಮನೆಯ ಹುಡುಗನೊಬ್ಬನಿಗೆ ವಿದ್ಯೆ ಕೊಟ್ಟರು. ಅವನು ರನ್ನನಾದ. ಬಳೆ ಮಾರುವವರ ಮಗನಿಗೆ ಶಾಸ್ತ್ರವೇಕೆಂದು ಅವರು ಕೇಳಿದ್ದರೆ ಇಂದು ನಾವು ಯಾವ ‘ಗದಾಯುದ್ಧ’ವನ್ನು ಪಾಠ ಮಾಡುತ್ತಿದ್ದೆವು?

ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಪ್ರತಿ ವರ್ಷ ಪಾಠ ಹೇಳುತ್ತೇವೆ. ಸಾವಿರವೆಂಬ ಸಂಖ್ಯೆಗೆ ಬೆರಗಾಗುತ್ತೇವೆಯೇ ಹೊರತು, ಹಂಚಿದಳೆಂಬ ಕ್ರಿಯಾಪದದ ಮೇಲೆ ನಿಲ್ಲುವುದಿಲ್ಲ. ಬರೆಯಿಸಿ ಲಕ್ಕುಂಡಿಯ ಬಸದಿಯ ನೆಲಮನೆಯಲ್ಲಿ ಇರಿಸಿದ್ದರೆ ಸಾವಿರವೂ ಒಂದೇ ಬೆಂಕಿಗೆ, ಒಂದೇ ಗೆದ್ದಲಿಗೆ ಆಹುತಿಯಾಗಬಹುದಿತ್ತು. ಹಂಚಿದ್ದರಿಂದಲೇ ಕೃತಿ ಉಳಿಯುವ ದಾರಿ ತೆರೆಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಪರಂಪರೆಯಲ್ಲಿಯೇ ಇದೆ, ಅದನ್ನು ಮರೆಮಾಚಬಾರದು. ‘ಷಟ್ಖಂಡಾಗಮ’ಕ್ಕೆ ವೀರಸೇನರು ಬರೆದ ‘ಧವಲಾ’ ವ್ಯಾಖ್ಯಾನದ ಪ್ರತಿಯೊಂದನ್ನು ದೇಮಿಯಕ್ಕನೆಂಬ ಶ್ರಾವಕಿ ಶ್ರುತಪಂಚಮಿ ನೋಂಪಿಯ ಉಜ್ಜವಣೆಯ ಸಂದರ್ಭದಲ್ಲಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಮಾಡಿದಳು. ಹೀಗೆ ಓದಲೆಂದು ಕೊಟ್ಟ ಗ್ರಂಥ ಕಾಲಾಂತರದಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯನ್ನು ಸೇರಿ, ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಲಭ್ಯವಾಯಿತು. ಯಾತ್ರಿಕರು ದೂರದಿಂದ ಕೈಮುಗಿದು ಹೋಗುತ್ತಿದ್ದರು. ಪ್ರತಿಮಾಡುವ ಕೆಲಸ 19ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಕಾದಿಟ್ಟವರ ಶ್ರದ್ಧೆಯನ್ನು ನಾನು ಹಗುರವಾಗಿ ಕಾಣಲಾರೆ. ಅವರಿಲ್ಲದಿದ್ದರೆ ಓಲೆಗಳೇ ಇರುತ್ತಿರಲಿಲ್ಲ. ಆದರೆ ಓಲೆಗರಿಗಳ ಒಡನಾಟವಿದ್ದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಬಿಚ್ಚದೆ ಇಟ್ಟ ಕಟ್ಟಿಗೆ ಹುಳು ಬೇಗ ಹತ್ತುತ್ತದೆ. ಗಾಳಿ, ಎಣ್ಣೆ ಮತ್ತು ಕೈಯ ಸ್ಪರ್ಶ ಓಲೆಯನ್ನು ಬಾಳಿಸುತ್ತವೆ.

ಪುಸ್ತಕವನ್ನು ಬಂಧಿಸುವ ಈ ಭಯ ನಮ್ಮದೊಂದೇ ಅಲ್ಲ. ಮಧ್ಯಯುಗದ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದರು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಇಷ್ಟು ಸರಳವಾದ ಮಾತನ್ನು ಮೊದಲ ಸೂತ್ರವಾಗಿ ಹೇಳಬೇಕಾಗಿ ಬಂತೆಂದರೆ, ಅದರ ವಿರುದ್ಧದ ಅಭ್ಯಾಸ ಎಷ್ಟು ಆಳವಾಗಿದ್ದಿರಬೇಕು!

ನಮ್ಮ ಪ್ರೌಢಶಾಲೆಗಳಲ್ಲಿ ಇಂದು ಪುಸ್ತಕಗಳಿಗೆ ಹಿಂದಿನಷ್ಟು ಬರವಿಲ್ಲ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತಕ್ಕನುಗುಣವಾಗಿ 5,000ದಿಂದ 20,000 ರೂಪಾಯಿಗಳವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಪುಸ್ತಕಗಳು ಬರುತ್ತವೆ, ದಾಸ್ತಾನು ವಹಿಯಲ್ಲಿ ದಾಖಲಾಗುತ್ತವೆ. ಅಲ್ಲಿಂದ ಮುಂದೆ ಅವು ಕುರ್ಚಿ, ಮೇಜು, ಗಡಿಯಾರಗಳಂತೆ ಶಾಲೆಯ ಆಸ್ತಿ. ಕುರ್ಚಿ ಶಾಲೆಯಲ್ಲಿಯೇ ಇದ್ದರೆ ಕೆಲಸಕ್ಕೆ ಬರುತ್ತದೆ. ಪುಸ್ತಕ ಹೊರಗೆ ಹೋದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಎರಡನ್ನೂ ಒಂದೇ ವಹಿಯಲ್ಲಿ ಒಂದೇ ಬಗೆಯಲ್ಲಿ ಬರೆದು, ಕಳೆದುದಕ್ಕೆ ಒಬ್ಬ ಶಿಕ್ಷಕನ ಸಂಬಳವನ್ನು ಹೊಣೆ ಮಾಡಿದಾಗ, ಬೀಗ ಹಾಕುವುದೇ ವಿವೇಕವೆನಿಸುತ್ತದೆ. ಸಪ್ತಾಹ, ಸ್ಪರ್ಧೆ, ಪ್ರದರ್ಶನಗಳು ಹೆಚ್ಚುವುದಕ್ಕೂ ಇದೇ ಕಾರಣ. ಅವುಗಳಲ್ಲಿ ಪುಸ್ತಕ ಕಾಣಿಸಿಕೊಳ್ಳುತ್ತದೆ, ಆದರೆ ಕಳೆಯುವುದಿಲ್ಲ.

ನಿಯಮಗಳೇ ಹೀಗೆ ಎಂದು ಕೈಚೆಲ್ಲಬೇಕಾಗಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ಬಳಸಿದ ಪ್ರತಿ 1,000 ಸಂಪುಟಗಳಿಗೆ 5ರಂತೆ ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದೆಂದು ಹೇಳುತ್ತವೆ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಅದಕ್ಕೆ ಕಾರಣವಾಗಿರಬಾರದು, ಅಷ್ಟೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಗ್ರಂಥ ಕಳೆದರೆ ವಿಚಾರಣೆಯಾಗಲೇಬೇಕು. ಈ ನಿಯಮ ರಾಜ್ಯದ ಶಾಲೆಗಳಿಗೆ ನೇರವಾಗಿ ಅನ್ವಯಿಸುವುದಲ್ಲ. ಆದರೂ ಅದರೊಳಗಿನ ತರ್ಕ ಗಮನಿಸತಕ್ಕದ್ದು. ನಷ್ಟವನ್ನು ಅಲ್ಲಿ ಅಳೆದಿರುವುದು ಕಪಾಟಿನಲ್ಲಿರುವ ಪುಸ್ತಕಗಳ ಲೆಕ್ಕದಿಂದಲ್ಲ, ಕೈಗೆ ಬಂದ ಪುಸ್ತಕಗಳ ಲೆಕ್ಕದಿಂದ. ಒಂದೂ ಪುಸ್ತಕ ಕೊಡದ ಗ್ರಂಥಾಲಯಕ್ಕೆ ಒಂದನ್ನೂ ಕಳೆಯುವ ಹಕ್ಕಿಲ್ಲ. ಸಾವಿರ ಸಲ ಕೊಟ್ಟವರಿಗೆ ಐದು ಕಳೆಯುವ ಹಕ್ಕಿದೆ.

ಈ ಮಾತನ್ನು ಬರೆದುಕೊಂಡು ಮರುವರ್ಷದ ಜೂನ್ ತಿಂಗಳಲ್ಲಿ ನಾನು ಅದೇ ಶಾಲೆಗೆ ಮತ್ತೆ ಹೋದೆ. ಶ್ರುತಪಂಚಮಿ ಸಾಮಾನ್ಯವಾಗಿ ಶಾಲೆಗಳು ಪುನರಾರಂಭವಾಗುವ ಹೊತ್ತಿಗೇ ಬರುತ್ತದೆಂಬುದು ಆಕಸ್ಮಿಕವಾದರೂ ನನಗೆ ಹಿತವೆನಿಸಿತ್ತು. ಮುಖ್ಯೋಪಾಧ್ಯಾಯರು ಸಹೃದಯರು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯವನ್ನಿಟ್ಟು, ಮಕ್ಕಳಿಗೆ ಪುಸ್ತಕ ಕೊಡುವುದೆಂದೂ, ಸಹಜವಾಗಿ ಕಳೆದುದಕ್ಕೆ ಶಿಕ್ಷಕರನ್ನು ಹೊಣೆ ಮಾಡತಕ್ಕದ್ದಲ್ಲವೆಂದೂ ಠರಾವು ಬರೆಯಿಸಿದರು. ಆ ಒಂದು ಠರಾವಿನಿಂದ ಶಿಕ್ಷಕರ ಮುಖ ತಿಳಿಯಾಯಿತು. ಪ್ರೇರಣೆಯ ಭಾಷಣಗಳಿಂದ ಅದು ಆಗುತ್ತಿರಲಿಲ್ಲ.

ಉಳಿದದ್ದು ಸಣ್ಣ ವ್ಯವಸ್ಥೆ. ಶನಿವಾರದ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ ಕಪಾಟು ತೆರೆಯುವುದು. ಒಬ್ಬ ವಿದ್ಯಾರ್ಥಿ ತಾನು ಆರಿಸಿಕೊಂಡ ಪುಸ್ತಕದಿಂದ ಹತ್ತು ನಿಮಿಷ ಗಟ್ಟಿಯಾಗಿ ಓದುವುದು, ಕಥೆ ಬಿಗಿಯಾದಲ್ಲಿ ನಿಲ್ಲಿಸುವುದು. ಮುಂದೇನಾಯಿತೆಂದು ತಿಳಿಯಬೇಕೆನ್ನುವವರು ಆ ಪುಸ್ತಕವನ್ನು ಮನೆಗೆ ಒಯ್ಯುವುದು. ಎರವಲಿನ ವಹಿಯನ್ನು ಮಕ್ಕಳೇ ಬರೆಯುವುದು. ಓದಿದ್ದರ ಸಾರಾಂಶ ಬರೆಯಿಸಬಾರದು, ಅಂಕ ಕೊಡಬಾರದು ಎಂದು ನಾನು ಹಟ ಹಿಡಿದೆ. ನನ್ನ ತಾಯಿಯ ಸುತ್ತ ಕುಳಿತ ಹೆಂಗಸರಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

ಮೊದಲ ಕೆಲವು ವಾರ ಓದುವವರು ತಡವರಿಸಿದರು, ಕೇಳುವವರು ನಕ್ಕರು. ಒಂಬತ್ತನೆಯ ತರಗತಿಗೆ ಬಂದರೂ ಒತ್ತಕ್ಷರಗಳಲ್ಲಿ ಎಡವುವ ಮಕ್ಕಳಿದ್ದರು. ವರ್ಷವಿಡೀ ಮರೆಯಲ್ಲಿದ್ದ ಈ ಕೊರತೆಯನ್ನು ಗಟ್ಟಿ ಓದು ಹೊರಗೆ ತಂದಿತು. ನಗುವವರನ್ನು ಗದರಿಸುವ ಬದಲು ಶಿಕ್ಷಕರು ತಾವೇ ಒಂದು ದಿನ ಓದಲು ನಿಂತು, ಬೇಕೆಂದೇ ಎರಡು ಕಡೆ ತಪ್ಪಿದರು. ಆಮೇಲೆ ನಗು ಕಡಿಮೆಯಾಯಿತು. ಎಲ್ಲರೂ ಓದುಗರಾದರೆಂದು ನಾನು ಹೇಳಲಾರೆ. ಪುಸ್ತಕ ಒಯ್ದು ಹಾಗೆಯೇ ತಂದುಕೊಟ್ಟವರು ಇದ್ದರು, ಏನನ್ನೂ ಒಯ್ಯದವರೂ ಇದ್ದರು.

ಅಂದು ಬೆರಳು ಹಿಂದೆಗೆದುಕೊಂಡ ಹುಡುಗಿ ಆಗ ಹತ್ತನೆಯ ತರಗತಿಯಲ್ಲಿದ್ದಳು. ಅವಳು ಮೊದಲು ಒಯ್ದದ್ದು ಅದೇ ಜನಪದ ಕಥೆಗಳ ಸಂಕಲನ. ಎರಡು ವಾರಗಳ ನಂತರ ಮರಳಿ ಬಂದಾಗ ಅದರ ಹಲವು ಪುಟಗಳಿಗೆ ಅರಿಶಿನದ ಕಲೆ, ಜೋಳದ ಹಿಟ್ಟು ಅಂಟಿದ್ದವು. ಶಿಕ್ಷಕರು ಕಾರಣ ಕೇಳಿದರಂತೆ. “ಅವ್ವ ರೊಟ್ಟಿ ಬಡಿಯೂ ಮುಂದ ಓದಿ ಹೇಳು ಅಂತಾಳ್ರಿ. ಅಕಿಗೆ ಓದಾಕ ಬರೂದಿಲ್ಲ” ಎಂದಳಂತೆ. ಈ ಮಾತನ್ನು ಅವರು ನನಗೆ ದೂರವಾಣಿಯಲ್ಲಿ ತಿಳಿಸಿದಾಗ ನಾನು ಸ್ವಲ್ಪ ಹೊತ್ತು ಏನೂ ಹೇಳಲಾಗಲಿಲ್ಲ.

ವರ್ಷದ ಕೊನೆಗೆ ದಾಸ್ತಾನು ತಾಳೆ ನೋಡಿದಾಗ ಮೂರು ಪುಸ್ತಕಗಳು ಕಡಿಮೆಯಿದ್ದವು. ವಹಿಯನ್ನು ನನಗೂ ತೋರಿಸಿದರು. ಹಿಂದಿನ ಪುಟಗಳಲ್ಲಿ ‘ಷರಾ’ ಎಂಬ ಅಂಕಣ ಖಾಲಿಯಾಗಿತ್ತು, ಇಲ್ಲವೇ ‘ಸುಸ್ಥಿತಿಯಲ್ಲಿದೆ’ ಎಂಬ ಒಂದೇ ಪದ ಸಾಲುಸಾಲಾಗಿ ಇತ್ತು. ಆ ವರ್ಷದ ಪುಟದಲ್ಲಿ ಮೂರು ಹೆಸರುಗಳ ಎದುರು ಶಿಕ್ಷಕರು ತಮ್ಮ ದುಂಡನೆಯ ಅಕ್ಷರದಲ್ಲಿ ‘ಮಕ್ಕಳ ಓದಿನಲ್ಲಿ ಕಳೆದಿದೆ’ ಎಂದು ಬರೆದಿದ್ದರು. ಕೆಳಗೆ ಮುಖ್ಯೋಪಾಧ್ಯಾಯರ ರುಜುವಿತ್ತು. ಊರಿಗೆ ಮರಳಿದ ಮೇಲೆ ವಿಭಾಗದ ಕಪಾಟಿನಿಂದ ಆ ‘ಅಜಿತಪುರಾಣ’ವನ್ನು ಹೊರಗೆ ತೆಗೆದು, ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳಿಗೆ ಮನೆಗೆ ಒಯ್ಯಲು ಕೊಟ್ಟೆ.