ಕಾಲಿಗೆ ಬಿಡುವು, ಕಣ್ಣಿಗಲ್ಲ

ಮಗನೋ ಮಗಳೋ ಸೌದಿಯ ದಮ್ಮಾಮ್ ಅಥವಾ ಜುಬೈಲ್‌ನಲ್ಲಿದ್ದು, ನೀವು ವಿಸಿಟ್ ವೀಸಾದಲ್ಲಿ ಅಲ್ಲಿಗೆ ಹೋದರೆ ಒಂದು ಪ್ರಯಾಣ ನಿಮಗಾಗಿ ಕಾದಿರುತ್ತದೆ. ಮನೆಮಂದಿಯೆಲ್ಲ ಒಂದೇ ವ್ಯಾನಿನಲ್ಲಿ ಕುಳಿತು ಮಕ್ಕಾಕ್ಕೆ ಹೊರಡುವ ಉಮ್ರಾ ಪ್ರಯಾಣವದು. ವಿಮಾನದಲ್ಲಾದರೆ ಎರಡು ಗಂಟೆಯ ಹಾದಿ. ಆದರೆ ಏಳು ಮಂದಿಯ ಟಿಕೆಟಿನ ಲೆಕ್ಕ ಹಾಕಿದ ಮೇಲೆ ನಮ್ಮ ಕರಾವಳಿಯ ಅನೇಕ ಕುಟುಂಬಗಳು ಪ್ರಿವಿಯಾ, ಒಡಿಸ್ಸಿಯಂತಹ ವ್ಯಾನುಗಳನ್ನೇ ನೆಚ್ಚಿಕೊಳ್ಳುತ್ತವೆ. ಡಿಕ್ಕಿಯಲ್ಲಿ ಅಕ್ಕಿರೊಟ್ಟಿ, ಕೋಳಿಸುಕ್ಕ, ಫ್ಲಾಸ್ಕಿನಲ್ಲಿ ಸುಲೈಮಾನಿ, ಹಿಂದಿನ ಸೀಟಿನಲ್ಲಿ ಮಕ್ಕಳ ಗಲಾಟೆ. ಪ್ರಯಾಣದ ದುಆ ಓದಿ ಹೊರಟರೆ ಊರಿನ ಸಂಬಂಧಿಕರ ಮನೆಗೆ ಹೋದಂತೆಯೇ ಇರುತ್ತದೆ.

ದಾರಿ ಮಾತ್ರ ಊರಿನದ್ದಲ್ಲ. ದಮ್ಮಾಮ್‌ನಿಂದ ರಿಯಾದ್‌ಗೆ ಸುಮಾರು 400 ಕಿಲೋಮೀಟರ್, ಅಲ್ಲಿಂದ ಮಕ್ಕಾಕ್ಕೆ ಮತ್ತೆ ಸುಮಾರು 870. ಅರೇಬಿಯಾವನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿಕೊಂಡು ಹೋಗುವ ಈ 40ನೇ ಹೆದ್ದಾರಿಯಲ್ಲಿ ಮೊದಲು ದಹ್ನಾದ ಕೆಂಪು ಮರಳಿನ ದಿಬ್ಬಗಳು ಸಿಗುತ್ತವೆ. ರಿಯಾದ್ ದಾಟಿದ ಮೇಲೆ ತುವೈಕ್ ಬೆಟ್ಟದ ಅಂಚು ಕಡಿದಾಗಿ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ನೂರಾರು ಕಿಲೋಮೀಟರ್ ಬಯಲೋ ಬಯಲು. ನಡುನಡುವೆ ಒಂದು ಪೆಟ್ರೋಲ್ ಪಂಪ್, ಪುಟ್ಟ ಮಸೀದಿ, ಒಂದು ಬಕಾಲ. ಮತ್ತೆ ಅದೇ ಬಯಲು.

ಇಂತಹ ದಾರಿಯಲ್ಲಿಯೇ ನೀವು ಕ್ರೂಸ್ ಕಂಟ್ರೋಲನ್ನು ಮೊದಲ ಬಾರಿ ಕಾಣುವುದು. ವೇಗ 110ಕ್ಕೆ ಬಂದಾಗ ಮಗ ಸ್ಟಿಯರಿಂಗ್ ಬಳಿಯ ಚಿಕ್ಕ ಗುಂಡಿಯೊಂದನ್ನು ಒತ್ತಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಆರಾಮವಾಗಿ ಚಾಚಿಕೊಳ್ಳುತ್ತಾನೆ. ವ್ಯಾನು ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಹಿಂದೆ ಕುಳಿತ ತಾಯಿಯ ಎದೆ ಧಸಕ್ ಎನ್ನುತ್ತದೆ. ಆದರೆ ಇದರಲ್ಲಿ ಮಾಯೆಯೇನೂ ಇಲ್ಲ. ಯಂತ್ರವು ನಿಗದಿಪಡಿಸಿದ ವೇಗವನ್ನೂ ಚಕ್ರದ ನಿಜವಾದ ವೇಗವನ್ನೂ ಸದಾ ಹೋಲಿಸುತ್ತದೆ. ಏರಿನಲ್ಲಿ ವೇಗ ಕುಂದಿದರೆ ಎಂಜಿನ್‌ಗೆ ಹೆಚ್ಚು ಶಕ್ತಿ ಕೊಡುತ್ತದೆ, ವೇಗ ಹೆಚ್ಚಾದರೆ ಕಡಿಮೆ ಮಾಡುತ್ತದೆ. ಬ್ರೇಕ್ ಮುಟ್ಟಿದ ತಕ್ಷಣ ಅದು ಕೈಬಿಡುತ್ತದೆ.

ಇದನ್ನು ಕಂಡುಹಿಡಿದವರ ಕಥೆ ನಿಮಗೆ ಅಚ್ಚರಿ ತರಬಹುದು. ಅಮೆರಿಕದ ಇಂಡಿಯಾನಾದಲ್ಲಿ 1890ರಲ್ಲಿ ಹುಟ್ಟಿದ ರಾಲ್ಫ್ ಟೀಟರ್ ಐದು ವರ್ಷದವರಿದ್ದಾಗ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡರು. ಆದರೂ 1912ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ವಕೀಲ ಮಿತ್ರರೊಬ್ಬರು ಕಾರು ಓಡಿಸುವಾಗ ಮಾತನಾಡುತ್ತ ವೇಗ ತಗ್ಗಿಸುವುದು, ಮಾತು ನಿಂತಾಗ ಹೆಚ್ಚಿಸುವುದು ಮಾಡುತ್ತಿದ್ದರಂತೆ. ಆ ಜಗ್ಗಾಟದಿಂದ ಬೇಸತ್ತು ಟೀಟರ್ ಈ ಸಾಧನದ ಯೋಚನೆ ಮಾಡಿದರೆಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂತು. ಕಣ್ಣಿಲ್ಲದ ಟೀಟರ್ ತನ್ನ ಸುತ್ತಲಿನದನ್ನು ಕಿವಿಯಿಂದ, ಬೆರಳಿನಿಂದ ಅರಿಯುತ್ತಿದ್ದರು. ಅವರ ಯಂತ್ರಕ್ಕೆ ಆ ಅರಿವೂ ಇಲ್ಲ. ಅದಕ್ಕೆ ತಿಳಿದಿರುವುದು ವೇಗವೊಂದೇ.

ಆದುದರಿಂದ ಅದನ್ನು ಎಲ್ಲಿ ಬಳಸಬಾರದೆಂಬುದು ಮನೆಯವರಿಗೆಲ್ಲ ತಿಳಿದಿರಬೇಕು. ಮಳೆ ಬಂದಾಗ ಬೇಡ. ನೀರು ನಿಂತ ರಸ್ತೆಯಲ್ಲಿ ಟೈರು ತೇಲಿ ಹಿಡಿತ ತಪ್ಪಿದರೂ ಯಂತ್ರ ವೇಗ ಉಳಿಸಲು ಹೆಣಗಬಹುದು. ಗಾಳಿಗೆ ಮರಳು ಬಂದು ರಸ್ತೆಯ ಮೇಲೆ ಹರಡಿದಾಗಲೂ ಬೇಡ. ತುವೈಕ್‌ನ ಇಳಿಜಾರಿನಲ್ಲಿ, ತಾಯಿಫ್‌ನಿಂದ ಮಕ್ಕಾದತ್ತ ಇಳಿಯುವ ಹದಾ ಘಾಟಿಯ ತಿರುವುಗಳಲ್ಲಿ ಖಂಡಿತ ಬೇಡ. ಹಳೆಯ ಮಾದರಿಯ ಸಾಧನ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಬಲ್ಲದೇ ಹೊರತು ಬ್ರೇಕ್ ಹಾಕುವುದಿಲ್ಲ. ಇನ್ನು ‘ರೆಸ್ಯೂಮ್’ ಗುಂಡಿ. ಹೆದ್ದಾರಿ ಬಿಟ್ಟು ಕಿರಿದಾದ ರಸ್ತೆಗೆ ಇಳಿದ ಮೇಲೆ ಅದನ್ನು ಒತ್ತಿದರೆ ವ್ಯಾನು ಹಿಂದಿನ 110ರ ವೇಗಕ್ಕೇ ನುಗ್ಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ನಿದ್ದೆ. 2013ರಿಂದ ಸೌದಿಯಲ್ಲಿ ಶುಕ್ರವಾರ ಮತ್ತು ಶನಿವಾರ ವಾರದ ರಜೆ. ಗುರುವಾರ ಸಂಜೆ ಕೆಲಸ ಮುಗಿಸಿ ಬಂದವನು ಸ್ನಾನ ಮಾಡಿ ಸ್ಟಿಯರಿಂಗ್ ಹಿಡಿಯುತ್ತಾನೆ. ಒಂಬತ್ತರ ಹೊತ್ತಿಗೆ ರಿಯಾದ್. ರಾತ್ರಿಯಿಡೀ ಓಡಿ ಫಜ್ರ್‌ನ ವೇಳೆಗೆ ಮಕ್ಕಾದಿಂದ ಸುಮಾರು 80 ಕಿಲೋಮೀಟರ್ ಇರುವ ಸೈಲುಲ್ ಕಬೀರ್ ಮೀಖಾತ್. ಅಲ್ಲಿ ಇಹ್ರಾಮ್ ಧರಿಸಿ ಮುಂದೆ ಹೋಗಿ ಉಮ್ರಾ. ಭಾನುವಾರ ಬೆಳಗ್ಗೆ ಡ್ಯೂಟಿ ಇರುವುದರಿಂದ ಶನಿವಾರ ಮತ್ತೆ ಹಿಂದಿರುಗುವ ಅವಸರ. ಎರಡು ದಿನದಲ್ಲಿ ಎರಡೂವರೆ ಸಾವಿರ ಕಿಲೋಮೀಟರ್! ಕಾಲಿಗೆ ಕೆಲಸವಿಲ್ಲ, ಕೈಗೆ ತಿರುವಿಲ್ಲ, ಕಣ್ಣೆದುರು ಬದಲಾಗದ ಕತ್ತಲೆ. ಕಾಲಿನ ನೋವನ್ನು ತಡೆದ ಅದೇ ಸಾಧನ ಮನಸ್ಸನ್ನು ಜೋಗುಳದಂತೆ ತೂಗುತ್ತದೆ. ಗಂಟೆಗೆ 120ರ ವೇಗದಲ್ಲಿ ವಾಹನ ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ 100 ಮೀಟರ್. ಚಾಲಕ ಕಾಲಿನಿಂದ ಓಡಿಸುತ್ತಿದ್ದರೆ ತೂಕಡಿಸಿದಾಗ ಪಾದ ಸಡಿಲಾಗಿ ವೇಗವಾದರೂ ಕುಗ್ಗೀತು. ಕ್ರೂಸ್ ಕಂಟ್ರೋಲ್‌ನಲ್ಲಿ ಅದೂ ಇಲ್ಲ.

ಇದೇ ಕತ್ತಲಲ್ಲಿ ಒಂಟೆಗಳೂ ಇರುತ್ತವೆ. ಹೆದ್ದಾರಿಯುದ್ದಕ್ಕೂ ಬೇಲಿ ಇದ್ದರೂ ಎಲ್ಲೋ ಒಂದು ಕಡೆ ತೂರಿ ಬರುವುದುಂಟು. ಹೆಡ್‌ಲೈಟಿನ ಬೆಳಕಿಗೆ ಅದರ ಕಾಲುಗಳಷ್ಟೇ ಕಾಣಿಸಿ, ದೇಹ ಕತ್ತಲೆಯಲ್ಲೇ ಉಳಿಯುತ್ತದೆ. ಡಿಕ್ಕಿಯಾದರೆ ಕಾಲು ಮುರಿದು, ಆ ಭಾರವಾದ ದೇಹ ನೇರವಾಗಿ ಮುಂಗಾಜಿನ ಮೇಲೆ ಬೀಳುತ್ತದೆ. ಮುಂದಿನ ವಾಹನವನ್ನು ರಾಡಾರ್‌ನಿಂದ ಗುರುತಿಸಿ ತಾನೇ ವೇಗ ತಗ್ಗಿಸುವ ಹೊಸ ಮಾದರಿಯ ಸಾಧನಗಳು ಈಗ ಬಂದಿವೆ ನಿಜ. ಆದರೆ ದಾರಿಗೆ ಅಡ್ಡ ನಿಂತ ಪ್ರಾಣಿಯ ವಿಷಯದಲ್ಲಿ ಅವನ್ನೂ ನಂಬಿ ಕೂರುವಂತಿಲ್ಲ.

ಹಾಗಾದರೆ ಪ್ರಯಾಣಿಕರಾದ ನೀವು ಏನು ಮಾಡಬಹುದು? ಮೊದಲನೆಯದಾಗಿ, ಮುಂದಿನ ಸೀಟಿನಲ್ಲಿ ಕುಳಿತವರು ನಿದ್ದೆ ಮಾಡಬೇಡಿ. ಅದು ಗೌರವದ ಸೀಟಲ್ಲ, ಕಾವಲಿನ ಸೀಟು. ಹಿರಿಯರಿಗೆ ನಿದ್ದೆ ಬಂದರೆ ಸಂಕೋಚವಿಲ್ಲದೆ ಹಿಂದಕ್ಕೆ ಹೋಗಿ ಎಚ್ಚರವಿರುವವರಿಗೆ ಜಾಗ ಬಿಡಿ. ಎರಡು ಗಂಟೆಗೊಮ್ಮೆ ವ್ಯಾನು ನಿಲ್ಲಲಿ. ಪ್ರಯಾಣಿಕರಿಗೆ ನಮಾಝ್ ಕಸ್ರ್ ಮಾಡುವ ರಿಯಾಯಿತಿ ಇದೆ. ಉಳಿದ ಸಮಯದಲ್ಲಿ ಚಾಲಕನು ಮಸೀದಿಯ ಬದಿಯಲ್ಲಿ ಅರ್ಧ ಗಂಟೆ ಮಲಗಲಿ. ಲೈಸೆನ್ಸ್ ಇರುವವರು ಇಬ್ಬರಿದ್ದರೆ ಸರದಿಯಲ್ಲಿ ಓಡಿಸಲಿ. 2018ರ ಜೂನ್‌ನಿಂದ ಅಲ್ಲಿ ಮಹಿಳೆಯರೂ ವಾಹನ ಓಡಿಸಬಹುದಾದ್ದರಿಂದ ಆ ಎರಡನೆಯವರು ನಿಮ್ಮ ಸೊಸೆಯೇ ಆಗಿರಬಹುದು. ಸಾಧ್ಯವಾದರೆ ರಿಯಾದ್‌ನಲ್ಲಿ ಪರಿಚಿತರ ಮನೆಯಲ್ಲಿ ಒಂದು ರಾತ್ರಿ ತಂಗಿ. ಒಂದು ದಿನದ ರಜೆ ಹೋದರೆ ಹೋಗಲಿ.

ಗಲ್ಫಿನಿಂದ ಮರಳಿದವರು ಊರಿನ ಕಾರಿನಲ್ಲೂ ಈಗ ಇದೇ ಗುಂಡಿಯನ್ನು ಕಾಣುತ್ತಾರೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಸಂಚಾರ ವಿರಳವಿದ್ದಾಗ ಅದು ಉಪಯೋಗಕ್ಕೆ ಬಂದೀತು. ಆದರೆ ಶಿರಾಡಿ ಘಾಟಿಯಲ್ಲಿ, ದನಕರು, ಸ್ಕೂಟರು, ಬಸ್ಸುಗಳು ಒಟ್ಟಿಗೇ ಸಾಗುವ ಮಂಗಳೂರು–ಉಡುಪಿ ರಸ್ತೆಯಲ್ಲಿ ಅದರ ಯೋಚನೆಯೇ ಬೇಡ.

ಮುಂದಿನ ಸಲ ಮಗ ಫೋನಿನಲ್ಲಿ “ಉಮ್ಮಾ, ಈ ವಾರ ವ್ಯಾನಿನಲ್ಲೇ ಮಕ್ಕಾಕ್ಕೆ ಹೋಗುತ್ತಿದ್ದೇವೆ” ಎಂದಾಗ ನಮಗೂ ದುಆ ಮಾಡು ಎನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: “ಹೊರಡುವ ಮುನ್ನ ನೀನು ಎಷ್ಟು ಗಂಟೆ ಮಲಗುತ್ತೀಯ?”