ಎಳ್ಳಮಾವಾಸ್ಯೆಯ ಬುತ್ತಿ

ವಿಜಯಪುರವೆಂದೊಡನೆ ಪ್ರವಾಸಿಯ ಕಣ್ಣು ಗೋಳಗುಮ್ಮಟದತ್ತ ತಿರುಗುವುದು ಸಹಜ. ಆದರೆ ಮಾರ್ಗಶಿರದ ಅಮಾವಾಸ್ಯೆಗೆ ಅಲ್ಲಿ ಇಳಿದವನು ಗುಮ್ಮಟಕ್ಕೆ ಬೆನ್ನು ಮಾಡಿ, ನೈಋತ್ಯಕ್ಕೆ ಬಬಲೇಶ್ವರದ ದಾರಿ ಹಿಡಿಯಬೇಕು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂದು ಹೆಸರಾದ ಎರೆಭೂಮಿ ಇದು. ಹಿಂಗಾರಿ ಬಿಳಿಜೋಳ ತೆನೆಗಟ್ಟುವ ಆ ಕಾಲದಲ್ಲಿ ರೈತರು ಮನೆಮಂದಿಯೊಡನೆ ಹೊಲಕ್ಕೆ ತೆರಳುವರು. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿರಿಸಿ ಪಾಂಡವರೆಂದು ಪೂಜಿಸುವರು. ಬೆಳೆಯ ನಡುವೆ ಚರಗ ಚೆಲ್ಲಿದ ಮೇಲೆಯೇ ಊಟ.

ಆ ಬುತ್ತಿಯನ್ನು ಏನೆಂದು ಬಣ್ಣಿಸಲಿ! ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆನೆಮೊಸರು, ಶೇಂಗಾ ಹೋಳಿಗೆ. ಉಂಡವನಿಗೆ ರುಚಿ ತಿಳಿಯುತ್ತದೆ. ಅದರ ಹಿಂದಿನ ಲೆಕ್ಕ ಮಾತ್ರ ತಿಳಿಯುವುದಿಲ್ಲ.

ಹಿಂದೆ ಪ್ರತಿಯೊಬ್ಬನೂ ತನ್ನ ಗಾಡಿಯಲ್ಲಿ ತನ್ನ ಹೊಲಕ್ಕೆ ಹೋಗುತ್ತಿದ್ದನು. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಏರಿ ಬಂದಿದೆ. ತಿಕೋಟಾದ ಸುತ್ತ ದ್ರಾಕ್ಷಿಯ ಚಪ್ಪರಗಳು ಹಬ್ಬಿವೆ. ಜೋಳದ ಹೊಲವಿಲ್ಲದ ಮನೆಗಳೂ, ಹೊಲವೇ ಇಲ್ಲದ ಮನೆಗಳೂ ಕೂಡಿ ಒಂದೇ ಟ್ರ್ಯಾಕ್ಟರ್ ಹತ್ತಿ, ಇನ್ನೊಬ್ಬರ ಹೊಲಕ್ಕೆ ಹೋಗುವುದುಂಟು. ಆಗ ಏಳುವ ಪ್ರಶ್ನೆ: ಯಾರದು ಎಷ್ಟು?

ಹಬ್ಬಕ್ಕೆ ನಾಲ್ಕು ದಿನ ಮೊದಲು ಒಂದು ಓಣಿಯ ಕಟ್ಟೆಯ ಮೇಲೆ ಈ ವಿಚಾರಣೆ ನಡೆಯುವುದನ್ನು ಕಂಡೆ. ಐದು ಮನೆಗಳು, ಬೆಲ್ಲ, ಎಣ್ಣೆ, ಡೀಸೆಲ್ ಸೇರಿ 2,800 ರೂಪಾಯಿಯ ಅಂದಾಜು. ಪಟ್ಟಣದಲ್ಲಿ ನೌಕರಿ ಮಾಡುವ ತರುಣನೊಬ್ಬನು, ಮನೆಗೆ 560ರಂತೆ ಸಮನಾಗಿ ಹಂಚಿದರಾಯಿತೆಂದನು.

"ತಮ್ಮಾ," ಎಂದಳು ಮೂಲೆಯಲ್ಲಿ ಕುಳಿತ ವೃದ್ಧೆ, "ನಿಮ್ಮ ಮನ್ಯಾಗ ಒಂಬತ್ತು ಮಂದಿ ಅದೀರಿ. ಆಕಿ ಮನ್ಯಾಗ ತಾಯಿ-ಮಗಳು ಇಬ್ಬರ. ಇದು ಯಾವ ಸಮಾ?"

"ಹಂಗಾರ ಹೆಂಗ ಮಾಡೂಣ, ಆಯಿ?"

"ತಲಿ ಎಣಸು. ಹುಡುಗರಿಗೆ ಅರ್ಧ ಹಿಡಿ. ಮತ್ತ ನೂರು ರೊಟ್ಟಿ ಬಡಿಯೂ ಕೈಗೆ ಏನು ಬರೀತಿ, ಅದನ್ನೂ ಹೇಳು."

ಎಣಿಸಿದರು. ದೊಡ್ಡವರು 24, ಮಕ್ಕಳು 8. ಒಟ್ಟು 28 ಪಾಲು, ಪಾಲಿಗೆ 100 ರೂಪಾಯಿ. ತಾಯಿ-ಮಗಳ ಭಾಗ 560ರಿಂದ 200ಕ್ಕೆ ಇಳಿಯಿತು. ಕೂಲಿ ಮಾಡಿ ಬದುಕುವ ಅವರೇ ನೂರು ಖಡಕ್ ರೊಟ್ಟಿಗಳ ಹೊಣೆ ಹೊತ್ತುದರಿಂದ ಆ 200 ಕೂಡ ಬಿಟ್ಟುಹೋಯಿತು. ಹಿಟ್ಟು ಹೊಲದ ಒಡೆಯನ ಮನೆಯದು. ಉಳಿದ 26 ಪಾಲುಗಳಿಗೆ ಹೆಚ್ಚಾದುದು ತಲಾ 8 ರೂಪಾಯಿಯಷ್ಟೇ. ಇದು ದಾನವಲ್ಲ, ದುಡಿಮೆಯ ಬೆಲೆ. ಆದುದರಿಂದಲೇ ಆ ತಾಯಿಯು ತಲೆಯೆತ್ತಿ ಹೂಂ ಎಂದಳು.

ಮನೆಯಲ್ಲೇ ಬೆಳೆದ ಜೋಳ, ಎಳ್ಳು, ಶೇಂಗಾ, ಹೈನದ ಮೊಸರು ಇವಕ್ಕೆ ಬೆಲೆ ಕಟ್ಟಲಿಲ್ಲ, ಇದ್ದವರು ತರತಕ್ಕದ್ದು. ಐದು ಮನೆಯಿಂದಲೂ ಬದನೆಯ ಪಲ್ಯವೇ ಬರಬಾರದೆಂದು ಒಂದೊಂದು ಮನೆಗೆ ಒಂದೊಂದು ಅಡಿಗೆ ಗೊತ್ತಾಯಿತು. ಕೆಡದೆ ಉಳಿಯುವ ಖಡಕ್ ರೊಟ್ಟಿ ಎರಡು ದಿನ ಮೊದಲು, ಹೋಳಿಗೆ ಹಿಂದಿನ ರಾತ್ರಿ, ಪಲ್ಯ ಅಂದಿನ ನಸುಕಿನಲ್ಲಿ. ದಾರಿಹೋಕರನ್ನೂ ಕರೆದು ಉಣಿಸುವುದು ಹೊಲದ ಪದ್ಧತಿಯಾದುದರಿಂದ ಹತ್ತು ಮಂದಿಯ ಊಟ ಹೆಚ್ಚಿಗೆ. ಅದು ಎಲ್ಲರ ಲೆಕ್ಕಕ್ಕೆ ಸೇರಿದ್ದು.

ಅಮಾವಾಸ್ಯೆಯ ದಿನ ಬನ್ನಿಯ ನೆರಳಿನಲ್ಲಿ ಐದೂ ಮನೆಯ ಬುಟ್ಟಿಗಳು ಬಿಚ್ಚಿದವು. ಪ್ರತಿಯೊಂದರಿಂದಲೂ ತುಸು ತುಸು ತೆಗೆದು ಒಂದೇ ಪಾತ್ರೆಯಲ್ಲಿ ಕಲಸಿದರು. ಯಾರ ಹೋಳಿಗೆ, ಯಾರ ಹಿಂಡಿ ಎಂಬುದು ಅಲ್ಲಿ ಉಳಿಯಲಿಲ್ಲ. ಆ ಚರಗವು ಜೋಳದ ಸಾಲುಗಳ ಮೇಲೆ ಬಿದ್ದ ಬಳಿಕ ಪಂಕ್ತಿ ಕುಳಿತಿತು. ರೊಟ್ಟಿ ಬಡಿದ ತಾಯಿ-ಮಗಳು ಅಂದು ಬಡಿಸಲಿಲ್ಲ. ಮೊದಲ ಸಾಲಿನಲ್ಲಿಯೇ ಕುಳಿತು ಉಂಡರು. ಬಡಿಸಿದವನು ಆ ತರುಣ.