18 ನಿಮಿಷದ ಹಿಮನದಿ

ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಕೇಳುವ ಆಲ್ಬಮ್ ಅಲ್ಲ ಇದು, ತಳದ ಗುಡುಗೆಲ್ಲ ಅಲ್ಲಿ ಸತ್ತೇಹೋಗುತ್ತದೆ. ಕ್ರಿಸ್ ವಾಟ್ಸನ್ ಅವರ ‘ವೆದರ್ ರಿಪೋರ್ಟ್’, 2003ರದ್ದು. ಮೂರೇ ತುಣುಕು, ಒಂದೊಂದಕ್ಕೂ 18 ನಿಮಿಷ. ವಾದ್ಯದ ಸೋಂಕಿಲ್ಲ.

ಮೊದಲು ಕತ್ತಲು. 2002ರ ಅಕ್ಟೋಬರ್ 17, ಬೆಳಗಿನ ಜಾವ ಐದು ಗಂಟೆ, ಕೀನ್ಯಾದ ಮಸಾಯಿ ಮಾರಾ. ಕೀಟಗಳ ಜೀಗುಟ್ಟುವಿಕೆ ಎಡಗಿವಿಯಿಂದ ಬಲಗಿವಿಗೆ ಹಾಸಿಕೊಂಡಿದೆ. ಅದರೊಳಗಿಂದ ಒಂದು ಹಕ್ಕಿ, ಆಮೇಲೆ ಎಣಿಸಲಾಗದಷ್ಟು. ಬಿಸಿಲು ಏರಿದ್ದು ಕಿವಿಗೇ ತಿಳಿಯುತ್ತದೆ. ಎಲ್ಲೋ ದೂರ ಗುಡುಗು ಹೊರಳುತ್ತಿದೆ ಎನ್ನುವಷ್ಟರಲ್ಲಿ ಅದು ನೆತ್ತಿಯ ಮೇಲೇ ಬಂದಿದೆ. ಸಂಜೆ ಏಳಾಯಿತು. ಹದಿನಾಲ್ಕು ಗಂಟೆ ಕಳೆದಿವೆ, ನಿಮ್ಮ ಲೋಟದ ಕಾಫಿ ಇನ್ನೂ ಬೆಚ್ಚಗಿದೆ.

ಎಲ್ಲಿ ಕತ್ತರಿಸಿದರು, ಎಲ್ಲಿ ಹೊಲಿದರು? ಹುಡುಕಿ ನೋಡಿ, ಸಿಕ್ಕುವುದಿಲ್ಲ. ಶೆಫೀಲ್ಡಿನ ‘ಕ್ಯಾಬರೆ ವೋಲ್ಟೇರ್’ ಸಂಗೀತ ತಂಡದಲ್ಲಿ ಟೇಪುಗಳ ಜೊತೆ ಆಡಿ ಬೆಳೆದ ಕೈ ಇದು, ಮುಂದೆ ಡೇವಿಡ್ ಅಟೆನ್‌ಬರೊ ಅವರ ಕಾರ್ಯಕ್ರಮಗಳಿಗೆ ಕಾಡಿನ ಸದ್ದು ಹಿಡಿದದ್ದು. ಹಿಂದಿನ ಆಲ್ಬಮ್‌ಗಳಲ್ಲಿ ವಾಟ್ಸನ್ ಧ್ವನಿಮುದ್ರಿಕೆಯನ್ನು ಇದ್ದಂತೆಯೇ ಕೊಡುತ್ತಿದ್ದರು. ಸತ್ತ ಜೀಬ್ರಾದ ಎದೆಗೂಡಿನಲ್ಲಿ ಮೈಕ್ ಬಚ್ಚಿಟ್ಟು ರಣಹದ್ದುಗಳ ಊಟವನ್ನು ಕೇಳಿಸಿದ ಮನುಷ್ಯ! ಸದ್ದುಗಳನ್ನು ಪೋಣಿಸಿ ಕೃತಿ ಕಟ್ಟಿದ್ದು ಇಲ್ಲೇ ಮೊದಲು. ಶುದ್ಧವಾದಿಗಳು ಮುಖ ಸಿಂಡರಿಸಬಹುದು. ಆದರೆ ಮೈಕನ್ನು ಎಲ್ಲಿಡಬೇಕೆಂದು ನಿರ್ಧರಿಸಿದ ಗಳಿಗೆಯಲ್ಲೇ ಶುದ್ಧತೆ ಮುಗಿದಿರುತ್ತದಲ್ಲ.

ಎರಡನೆಯದು ಸ್ಕಾಟ್ಲೆಂಡಿನ ಕಣಿವೆ, ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ: ನೀರು, ಗಾಳಿ, ಬೆದೆಗೆ ಬಂದ ಗಂಡು ಜಿಂಕೆಗಳ ಗುಟುರು. ಚೆನ್ನಾಗಿದೆ, ಆದರೆ ನಾನು ಕಾಯುವುದು ಮೂರನೆಯದಕ್ಕೆ.

ವಾಟ್ನಯೋಕುಲ್. ಐಸ್‌ಲ್ಯಾಂಡಿನ ಅತಿದೊಡ್ಡ ಹಿಮರಾಶಿಯ ಒಳಗಿದ್ದೀರಿ. ಮೇಲೆ ಗಾಳಿ ಸಿಳ್ಳೆ ಹಾಕುತ್ತಿದೆ. ಕೆಳಗೆ, ತೇರು ಕದಲುವ ಮುನ್ನ ಅಚ್ಚು ಕಿರುಗುಟ್ಟುವಂತೆ, ಮಂಜುಗಡ್ಡೆ ನರಳುತ್ತಿದೆ. ವರ್ಷವರ್ಷದ ಹಿಮ ತನ್ನದೇ ಭಾರಕ್ಕೆ ಒತ್ತಿ ಗಟ್ಟಿಯಾಗಿ, ಬಂಡೆಯನ್ನು ಉಜ್ಜುತ್ತ ಜಾರುತ್ತದೆ. ಒಳಗೆ ಹಳೆಯ ಕಾಲದ ಗಾಳಿ ಗುಳ್ಳೆಗಳಾಗಿ ಸಿಕ್ಕಿಬಿದ್ದಿದೆ. ಗಡ್ಡೆ ನೀರಿನಲ್ಲಿ ಕರಗಿದಾಗ ಅವು ಚಿಟಪಟ ಒಡೆಯುತ್ತವೆ. ಈ ಹಿಮ ಹುಟ್ಟಿ ನಾರ್ವೇಜಿಯನ್ ಸಮುದ್ರ ಸೇರುವ 10,000 ವರ್ಷಗಳ ಪಯಣವನ್ನೇ ವಾಟ್ಸನ್ 18 ನಿಮಿಷಕ್ಕೆ ಇಳಿಸಿದ್ದಾರೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂಬತ್ತು ವರ್ಷಕ್ಕೂ ಮಿಗಿಲು. ನೀವು ಒಮ್ಮೆ ಕೆಮ್ಮಿದರೆ ಒಂದು ಬಾಲ್ಯ ತಪ್ಪಿಹೋಗುತ್ತದೆ.

ಅಷ್ಟು ಕಾಲ ಯಾವ ಮೈಕೂ ಅಲ್ಲಿ ಕೂತಿರಲಿಲ್ಲ. ಹಾಗಾಗಿ ಇದನ್ನು ದಾಖಲೆ ಎನ್ನಲಾರೆ, ನಿಜವಾದ ಸದ್ದುಗಳೇ ಪಾತ್ರಗಳಾದ ಕಥೆ. ಕಥೆಯೆಂದು ಗೊತ್ತಿದ್ದೂ ಪಾದ ತಣ್ಣಗಾಗುತ್ತದೆ. ನರಳಾಟ ಸಡಿಲಾಗುತ್ತಿದೆ, ನೀರಿಗೆ ದನಿ ಬಂತು, ಅಗೋ ಕಡಲಹಕ್ಕಿಗಳು, ಸಂತೆ ನೆರೆದಂತೆ ಗದ್ದಲ. ವಾಲ್ಯೂಮ್ ತಗ್ಗಿಸಬೇಡಿ.